ಬಣ್ಣ ಹಿಡಿದ ನೂಲು, ಬಣ್ಣ ಬಳಿದ ಬಟ್ಟೆ

'ಪ್ರಯೋಗ' ಎಂಬುದು ನಮ್ಮ ಸಾಹಿತ್ಯದಲ್ಲಿ ಬಹಳ ದುಡಿದು ಸವೆದ ಮಾತು. ಮುಂಬಯಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನದಲ್ಲಿ ಗೋಕಾಕರು ನವ್ಯಕಾವ್ಯದ ಹೆಸರನ್ನೆತ್ತಿದಂದಿನಿಂದ ಈ ಮಾತಿಗೆ ಬಿಡುವೇ ದೊರೆತಿಲ್ಲ. ಪ್ರಾಸ ಬಿಟ್ಟರೂ ಪ್ರಯೋಗ, ಬಿಟ್ಟ ಪ್ರಾಸವನ್ನು ಮತ್ತೆ ಹಿಡಿದರೂ ಪ್ರಯೋಗ, ಪಂಕ್ತಿಯನ್ನು ನಡುವೆ ಮುರಿದರೂ ಪ್ರಯೋಗ. ಈ ಹೆಸರಿನಲ್ಲಿ ಒಳ್ಳೆಯ ಪದ್ಯಗಳೂ ಬಂದವು, ಕೆಟ್ಟವೂ ಬಂದವು; ಎರಡನ್ನೂ ಬೇರ್ಪಡಿಸುವ ಕೆಲಸ ವಿಮರ್ಶೆಗೆ ಉಳಿಯಿತು. ಈಗ ಅದೇ ಮಾತು ಜವಳಿ ಅಂಗಡಿಗೂ ಬಂದಿದೆ. ಸೀರೆಯ ಸೆರಗಿನಲ್ಲಿ, ಕುಬಸದ ಖಣದಲ್ಲಿ, ಕಿಟಕಿಯ ಪರದೆಯಲ್ಲಿ, ಹೆಗಲಚೀಲದಲ್ಲಿ ನಡೆಯುತ್ತಿರುವ ಹೊಸ ಬಣ್ಣಗಾರಿಕೆಗೂ ಅಚ್ಚಿನ ಕೆಲಸಕ್ಕೂ ಪ್ರಯೋಗವೆಂಬ ಹೆಸರಿಟ್ಟು ಮಾರಲಾಗುತ್ತಿದೆ. ಸಾಹಿತ್ಯದಲ್ಲಿ ಮಾಡಿದ ವಿಂಗಡಣೆಯನ್ನು ಇಲ್ಲಿಯೂ ಯಾರಾದರೂ ಮಾಡಬೇಕಲ್ಲವೆ?

ಬಟ್ಟೆಗೆ ವಿಮರ್ಶೆಯೇಕೆ ಎಂದು ಕೆಲವರು ಕೇಳಬಹುದು. ಚಿತ್ರಕ್ಕೆ, ಶಿಲ್ಪಕ್ಕೆ, ನಾಟಕಕ್ಕೆ ವಿಮರ್ಶಕರುಂಟು; ಸೀರೆಗೆ ಗಿರಾಕಿಯೇ ವಿಮರ್ಶಕ ಎಂಬುದು ವಾಡಿಕೆಯ ನಂಬಿಕೆ. ಅದು ಅರ್ಧ ನಿಜ. ನಮ್ಮ ಕಡೆಯ ಹೆಣ್ಣುಮಕ್ಕಳು ಅಂಗಡಿಯಲ್ಲಿ ಸೀರೆಯ ಮಡಿಕೆ ಬಿಚ್ಚಿಸಿ ಮೊದಲು ಕೇಳುವ "ಬಣ್ಣ ಹೋಗೂದಿಲ್ಲಲ್ರೀ?" ಎಂಬ ಪ್ರಶ್ನೆ ಯಾವ ಲಕ್ಷಣಗ್ರಂಥದ ಪ್ರಶ್ನೆಗೂ ಕಡಮೆಯದಲ್ಲ. ಬಣ್ಣ ನೂಲಿನ ಒಳಗೆ ಇಳಿದಿದೆಯೋ, ಮೇಲೆ ಕುಳಿತಿದೆಯೋ ಎಂಬುದೇ ಅದರ ತಿರುಳು. ಈ ಲೇಖನದ ಪ್ರಶ್ನೆಯೂ ಅದೇ. ಗಿರಾಕಿ ಅದನ್ನು ಒಗೆತದ ಲೆಕ್ಕದಲ್ಲಿ ಕೇಳುತ್ತಾಳೆ. ವಿಮರ್ಶಕನು ಕಲೆಯ ಲೆಕ್ಕದಲ್ಲಿ ಕೇಳಬೇಕಾಗುತ್ತದೆ.

ಕುಷ್ಟಗಿಯಲ್ಲಿ ಕುಳಿತು ಈ ಮಾತನ್ನಾಡುವುದಕ್ಕೆ ಕಾರಣವಿದೆ. ನಮ್ಮ ತಾಲೂಕಿನ ದೋಟಿಹಾಳ, ಹನುಮಸಾಗರಗಳು ಮಗ್ಗದ ಸದ್ದು ಕೇಳಿ ಬೆಳೆದ ಊರುಗಳು. ಉತ್ತರಕ್ಕೆ ಹೆದ್ದಾರಿ ಹಿಡಿದರೆ ಇಳಕಲ್ಲು, ಪಶ್ಚಿಮಕ್ಕೆ ಗಜೇಂದ್ರಗಡ, ಇನ್ನೂ ಆಚೆ ಖಣಕ್ಕೆ ಹೆಸರಾದ ಗುಳೇದಗುಡ್ಡ, ದಕ್ಷಿಣಕ್ಕೆ ಕೊಪ್ಪಳದ ಮಗ್ಗುಲಲ್ಲಿ ನೇಕಾರರ ಭಾಗ್ಯನಗರ. 1948ರವರೆಗೆ ಕುಷ್ಟಗಿ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಇಳಕಲ್ಲು ಮುಂಬಯಿ ಪ್ರಾಂತದಲ್ಲಿ ಸೇರಿತ್ತು. ಆಳುವವರು ಬೇರೆ, ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ. ಉಡುವ ಸೀರೆ ಮಾತ್ರ ಒಂದೇ. 1956ರ ನವೆಂಬರಿನಲ್ಲಿ ರಾಜ್ಯ ಒಂದಾಗುವುದಕ್ಕೆ ಎಷ್ಟೋ ಮೊದಲೇ ಈ ಭಾಗದ ಹೆಂಗಸರ ಉಡುಗೆಯಲ್ಲಿ ಏಕೀಕರಣ ಆಗಿಹೋಗಿತ್ತು ಎಂದರೆ ತಪ್ಪಾಗಲಾರದು.

ಬಣ್ಣದ ಕಸುಬು ಈ ಸೀಮೆಯಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಮನೆತನದ ಹೆಸರುಗಳೇ ಸಾಕ್ಷಿ. ನೀಲಗಾರ, ಬಣ್ಣಗಾರ, ರಂಗರೇಜ ಎಂಬ ಹೆಸರಿನವರು ಇಂದು ಶಾಲೆಯಲ್ಲಿ ಪಾಠ ಹೇಳುತ್ತಿರಬಹುದು, ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಿರಬಹುದು. ಹೆಸರು ಮಾತ್ರ ಹಿಂದಿನವರು ಬಣ್ಣದಲ್ಲಿ ಕೈಯದ್ದಿದವರೆಂದು ಹೇಳುತ್ತಲೇ ಇದೆ. ಕವಿರಾಜಮಾರ್ಗವು ಕನ್ನಡದ ತಿರುಳು ಎಂದು ಗುರುತಿಸಿದ ನಾಲ್ಕು ಊರುಗಳಲ್ಲಿ ಕಿಸುವೊಳಲೂ ಕೊಪಣವೂ ಸೇರಿವೆ. ಎಂದರೆ ಇಂದಿನ ಪಟ್ಟದಕಲ್ಲು ಮತ್ತು ಕೊಪ್ಪಳ. ಕುಷ್ಟಗಿ ಆ ಎರಡರ ನಡುವಣ ನೆಲ. 'ಕಿಸು' ಎಂದರೆ ಕೆಂಪು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಅರಸನ ಭೋಗಗಳನ್ನೆಣಿಸುವಾಗ ವಸ್ತ್ರಕ್ಕೇ ಒಂದು ಪ್ರಕರಣವನ್ನು ಮೀಸಲಿಟ್ಟ.

ನಮ್ಮ ನುಡಿಯೂ ಈ ವಿಷಯದಲ್ಲಿ ಬಹು ಸೂಕ್ಷ್ಮವಾದದ್ದು. 'ಬಣ್ಣದ ಮಾತು' ಎಂದರೆ ನಂಬಬಾರದ ಮಾತು; 'ಬಣ್ಣ ಬಯಲಾಯಿತು' ಎಂದರೆ ಮೋಸ ಹೊರಬಿತ್ತು. ಮೇಲೆ ಬಳಿದ ಬಣ್ಣವನ್ನು ಕನ್ನಡ ನಂಬುವುದಿಲ್ಲ. ಆದರೆ ನೂಲು ಬಣ್ಣ 'ಹಿಡಿಯಿತು' ಎನ್ನುವಾಗ ಆ ಸಂಶಯವಿಲ್ಲ. ಅಲ್ಲಿ ಕೆಲಸ ಬಣ್ಣಗಾರನದಷ್ಟೇ ಅಲ್ಲ, ನೂಲಿನದೂ ಹೌದು. ಈ ಎರಡು ಬಗೆಯ ಬಳಕೆಯಲ್ಲಿಯೇ ನಮಗೆ ಬೇಕಾದ ವಿಮರ್ಶೆಯ ಸೂತ್ರವೊಂದು ಅಡಗಿದೆ.

ಇಳಕಲ್ಲ ಸೀರೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಒಡಲು, ದಡಿ, ಸೆರಗು, ಈ ಮೂರಕ್ಕೂ ಹಾಸು ಬೇರೆ ಬೇರೆ. ಒಡಲಿನ ಹಾಸು ಹಳೆಯ ಕ್ರಮದಲ್ಲಿ ಬಹುಮಟ್ಟಿಗೆ ಹತ್ತಿ. ಸೆರಗಿನದು ಕೆಂಪು ರೇಷ್ಮೆ. ನೂಲಿಗೆ ಬಣ್ಣ ಹಾಕುವುದು ಮಗ್ಗಕ್ಕೆ ಏರಿಸುವ ಮೊದಲೇ. ಒಡಲಿನ ಹಾಸು ಮುಗಿಯುವೆಡೆಯಲ್ಲಿ ಸೆರಗಿನ ಹಾಸಿನ ಎಳೆಗಳನ್ನು ಒಂದರೊಳಗೊಂದು ಕೊಂಡಿಯಂತೆ ಸಿಕ್ಕಿಸಿ ನೇಯ್ಗೆಯನ್ನು ಮುಂದುವರಿಸುತ್ತಾರೆ. ಒಂದೇ ಸೀರೆ ಬೇಕಾದರೂ ಇಷ್ಟೂ ಸಿದ್ಧತೆ ಆಗಲೇಬೇಕು. ಒಡಲಿನ ಹಸಿರು ಮುಗಿದು ಸೆರಗಿನ ಕೆಂಪು ಮೊದಲಾಗುವ ಆ ಗೆರೆ ಕುಂಚ ಎಳೆದದ್ದಲ್ಲ, ಅಚ್ಚು ಒತ್ತಿದ್ದಲ್ಲ. ಸಾವಿರಾರು ಎಳೆಗಳು ಒಂದನ್ನೊಂದು ಹಿಡಿದು ನಿಂತಿರುವ ಗೆರೆ. ಕೆಂಪು ಅಲ್ಲಿ ತೊಡಗುವುದು ಅಲ್ಲಿ ಬೇರೆ ನೂಲು ತೊಡಗುವುದರಿಂದ.

ಸೆರಗಿನ ವಿನ್ಯಾಸವೂ ಹೀಗೆಯೇ. ಮೂರು ಕೆಂಪು ಪಟ್ಟಿಗಳ ನಡುವೆ ಎರಡು ಬಿಳಿಯ ಕೆಲಸದ ಪಟ್ಟಿಗಳು. ಇದು ತೋಪು ತೆನೆಯ ಸೆರಗು. ಅಲ್ಲಿನ ಆಕಾರಗಳಲ್ಲಿ ಜನ ಕಂಡದ್ದು ಹಣಿಗೆಯ ಹಲ್ಲು, ಜೋಳದ ತೆನೆ, ಕೋಟೆಯ ಗೋಡೆ, ಬೆಟ್ಟದ ಸಾಲು. ತೆನೆಯೆಂದರೆ ಹೊಲದ ತೆನೆಯೂ ಹೌದು, ಕೋಟೆಯ ತೆನೆಯೂ ಹೌದು. ಈ ಆಕಾರಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ, ದುಂಡಾಗಿ ಬಳಕುವುದಿಲ್ಲ. ಏಕೆಂದರೆ ಹಾಸು ಉದ್ದಕ್ಕೆ ಓಡುತ್ತದೆ, ಹೊಕ್ಕು ಅಡ್ಡಕ್ಕೆ ಓಡುತ್ತದೆ. ಓರೆಯಾದ ಗೆರೆ ಬೇಕೆಂದರೆ ಒಂದು ಎಳೆ ಬಿಟ್ಟು ಇನ್ನೊಂದು ಎಳೆ ಹತ್ತಬೇಕು. ಆ ಮೆಟ್ಟಿಲು ನೇಕಾರನ ಅಭಿರುಚಿಯಿಂದಷ್ಟೇ ಬಂದದ್ದಲ್ಲ. ಮಗ್ಗದ ವ್ಯಾಕರಣದಿಂದ ಬಂದದ್ದು.

ಕಾಶ್ಮೀರದ ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿ ಅಲಂಕಾರಕ್ಕೊಂದು ಕಟ್ಟುಪಾಡು ಹೇಳಿದ. ಕವಿ ರಸದಲ್ಲಿ ತೊಡಗಿರುವಾಗ ಬೇರೆ ಯತ್ನವಿಲ್ಲದೆ ತಾನಾಗಿ ಒದಗಿದ್ದೇ ನಿಜವಾದ ಅಲಂಕಾರ. ಅದಕ್ಕಾಗಿ ಪ್ರತ್ಯೇಕವಾಗಿ ಹೆಣಗಿ ತಂದು ಅಂಟಿಸಿದ್ದು ಕಾವ್ಯಕ್ಕೆ ಹೊರಗಿನದು ಎಂಬುದು ಅವನ ಅಭಿಪ್ರಾಯದ ಸಾರ. ಇಳಕಲ್ಲ ಸೆರಗನ್ನು ನೋಡುವಾಗ ಈ ಮಾತು ನೆನಪಾಗದೆ ಇರದು. ಬಟ್ಟೆಯನ್ನು ನೇಯುವ ಯತ್ನ ಒಂದು, ಚಿತ್ರ ತೆಗೆಯುವ ಯತ್ನ ಇನ್ನೊಂದು ಎಂಬ ಭೇದ ಅಲ್ಲಿಲ್ಲ. ವಿನ್ಯಾಸಕ್ಕೆ ಬಟ್ಟೆಯಲ್ಲಿಯೇ ಕಾರಣವಿದೆ. ಬಟ್ಟೆಯ ಕಲೆಯಲ್ಲಿ ಪ್ರಯೋಗದ ಯೋಗ್ಯತೆಯನ್ನು ಅಳೆಯಲು ಇದಕ್ಕಿಂತ ಬೇರೆ ಅಳತೆಗೋಲು ಬೇಕಿಲ್ಲವೆಂದು ನನ್ನ ನಂಬಿಕೆ.

ಈ ಅಳತೆಗೋಲು ಹಿಡಿದು ಇಂದಿನ 'ಪ್ರಯೋಗ'ಗಳಲ್ಲಿ ಅತ್ಯಂತ ಜನಪ್ರಿಯವಾದುದನ್ನು ಮೊದಲು ನೋಡೋಣ. ತೋಪು ತೆನೆಯ ಸೆರಗನ್ನು ನಯವಾದ ಕೃತಕ ರೇಷ್ಮೆಯ ಮೇಲೆ ಯಂತ್ರದಿಂದ ಮುದ್ರಿಸುತ್ತಾರೆ. ಗುಳೇದಗುಡ್ಡದ ಖಣದ ಚುಕ್ಕಿಗಳನ್ನೂ ಹಾಗೆಯೇ ಮುದ್ರಿಸುತ್ತಾರೆ. ಧಾರವಾಡದ ಕಡೆಯ ಕಸೂತಿಯ ಗೋಪುರ, ತೇರು, ಆನೆಗಳನ್ನೂ ಸೀರೆಯ ತುಂಬ ಮುದ್ರಿಸುತ್ತಾರೆ. ಸಂಪ್ರದಾಯಕ್ಕೆ ಹೊಸ ರೂಪವೆಂಬ ವಿವರಣೆ ಜೊತೆಗಿರುತ್ತದೆ. ಕಸೂತಿಯಲ್ಲಿ ಹೆಣ್ಣುಮಗಳು ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ಹಾಕುತ್ತಾಳೆ. ಗಂಟು ಕಾಣಿಸದಂತೆ, ಗವಂತಿಯ ಹೊಲಿಗೆ ಎರಡೂ ಮಗ್ಗುಲಲ್ಲಿ ಒಂದೇ ಆಗಿ ಮೂಡುವಂತೆ ಹೊಲಿಯುತ್ತಾಳೆ. ಆ ಗೋಪುರ ಮೆಟ್ಟಿಲಾಗಿರುವುದು ಎಣಿಕೆಯ ಫಲ. ಮುದ್ರಣದಲ್ಲಿ ಮೆಟ್ಟಿಲು ಉಳಿಯುತ್ತದೆ, ಎಣಿಕೆ ಉಳಿಯುವುದಿಲ್ಲ. ಅಚ್ಚಿಗೆ ದುಂಡಗಿನ ಗೆರೆ ಎಳೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲದಿರುವಾಗ ಅದು ಮೆಟ್ಟಿಲನ್ನೇಕೆ ಒತ್ತಬೇಕು? ಇನ್ನೊಬ್ಬರ ಕಷ್ಟದ ಗುರುತನ್ನು ತಾನು ಕಷ್ಟಪಡದೆ ಧರಿಸಿಕೊಳ್ಳುವುದಕ್ಕೆ. ಇದನ್ನು ಅನುಕರಣೆಯೆನ್ನಬೇಕು, ಪ್ರಯೋಗವೆನ್ನಲಾಗದು.

ಇದಕ್ಕೆ ಎದುರು ವಾದವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಮುದ್ರಿತ ಸೀರೆ ಅಗ್ಗ. ಕೂಲಿ ಮಾಡುವ ಹೆಂಗಸೂ ಹಬ್ಬಕ್ಕೆ ತೋಪು ತೆನೆಯ ಸೆರಗು ಹೊದೆಯಬಲ್ಲಳು. ಅವಳ ಸಂತೋಷಕ್ಕೆ ಕಲ್ಲು ಹಾಕಲು ವಿಮರ್ಶಕನಾರು? ನ್ಯಾಯವಾದ ಪ್ರಶ್ನೆ. ಆದರೆ ಇದೇ ಪ್ರಶ್ನೆಯನ್ನು ನೇಕಾರರು ಹಿಂದೆಯೇ ತಮ್ಮ ರೀತಿಯಲ್ಲಿ ಎದುರಿಸಿದ್ದರು. ರೇಷ್ಮೆ ದುಬಾರಿಯಾದಾಗ 'ಚಮಕಾ' ಎಂದು ಇಲ್ಲಿ ಕರೆಯುವ ಕೃತಕ ರೇಷ್ಮೆಯ ನೂಲನ್ನು ಮಗ್ಗಕ್ಕೆ ಏರಿಸಿದರು. ಹೊಳಪು ಬಂತು, ಬೆಲೆ ಇಳಿಯಿತು; ಕೊಂಡಿಯ ಕ್ರಮ ಕೆಡಲಿಲ್ಲ. ನಾಜೂಕಿನವರು ಮೂಗು ಮುರಿದಿರಬಹುದು. ಆದರೂ ವಿಮರ್ಶೆಯ ದೃಷ್ಟಿಯಿಂದ ಅದು ನಿಜವಾದ ಪ್ರಯೋಗ: ಹೊಸ ದ್ರವ್ಯವನ್ನು ತಂದು ಹಳೆಯ ವ್ಯಾಕರಣದಲ್ಲಿ ಪರೀಕ್ಷಿಸಿದ್ದು. ಮುದ್ರಿತ ಸೀರೆಯಲ್ಲಿ ಪರೀಕ್ಷೆಗೆ ಒಳಗಾದದ್ದು ಯಾವುದು? ಅಗ್ಗದ ಸೀರೆಯ ಮೇಲೆ ನನ್ನ ಆಕ್ಷೇಪವಿಲ್ಲ. ಅಗ್ಗದ ಸೀರೆಗೂ ತನ್ನದೇ ಒಂದು ಚೆಲುವು ಇರಬೇಕೆಂಬುದಷ್ಟೇ ನನ್ನ ಮಾತು.

ಹಾಗಾದರೆ ನೇಯ್ಗೆ ಮೇಲು, ಅಚ್ಚು ಕೀಳು ಎಂದಾಯಿತೆ? ಆಗಲಿಲ್ಲ. ನಮ್ಮ ನೆರೆಯ ಆಂಧ್ರದ ಕಲಂಕಾರಿಯನ್ನು ನೋಡಿದವರು ಹಾಗೆ ಹೇಳಲಾರರು. ಅಲ್ಲಿ ಬಟ್ಟೆಗೆ ಮೊದಲು ಅಳಲೆಕಾಯಿಯ ಒಗರನ್ನೂ ಹಾಲನ್ನೂ ಕುಡಿಸುತ್ತಾರೆ. ಶ್ರೀಕಾಳಹಸ್ತಿಯಲ್ಲಿ ಲೇಖನಿಯಿಂದ, ಮಚಲೀಪಟ್ಟಣದಲ್ಲಿ ಮರದ ಅಚ್ಚಿನಿಂದ ಬಟ್ಟೆಯ ಮೇಲೆ ಇಡುವುದು ಕೆಂಪು ಬಣ್ಣವನ್ನಲ್ಲ, ಪಟಿಕದ ನೀರನ್ನು. ಬಳಿಕ ಇಡೀ ಬಟ್ಟೆಯನ್ನು ಬೇರಿನ ಬಣ್ಣದಲ್ಲಿ ಕುದಿಸುತ್ತಾರೆ. ಪಟಿಕ ಬಿದ್ದಲ್ಲಿ ಬಣ್ಣ ಹಿಡಿದು ನಿಲ್ಲುತ್ತದೆ. ಬೀಳದ ಕಡೆಯಲ್ಲಿ ಒಗೆತಕ್ಕೂ ಬಿಸಿಲಿಗೂ ಬಿಟ್ಟುಹೋಗುತ್ತದೆ. ಅಚ್ಚು ಒತ್ತಿದವನಿಗೆ ತನ್ನ ಚಿತ್ರದ ಪೂರ್ಣ ರೂಪ ಕಾಣುವುದು ಕುದಿಯುವ ಹಂಡೆಯಿಂದ ಬಟ್ಟೆ ಮೇಲೆದ್ದಾಗಲೇ. ಇಲ್ಲಿ ಅಚ್ಚು ಬಣ್ಣ ಬಳಿಯುವುದಿಲ್ಲ. ನೂಲು ಎಲ್ಲಿ ಬಣ್ಣ ಹಿಡಿಯಬೇಕೆಂದು ಹೇಳಿ ಹಿಂದೆ ಸರಿಯುತ್ತದೆ. ಗುಜರಾತಿನ ಅಜರಖಿನಲ್ಲಿಯೂ ಇದೇ ತತ್ತ್ವ. ಆದುದರಿಂದ ಗೆರೆ ಎಳೆಯಬೇಕಾದದ್ದು ನೇಯ್ಗೆಗೂ ಮುದ್ರಣಕ್ಕೂ ನಡುವೆ ಅಲ್ಲ. ಹಿಡಿದ ಬಣ್ಣಕ್ಕೂ ಬಳಿದ ಬಣ್ಣಕ್ಕೂ ನಡುವೆ.

ಈ ಕಲಂಕಾರಿ ಕಣ್ಮರೆಯಾಗುವ ಹಂತಕ್ಕೆ ಬಂದಿದ್ದಾಗ ಅದಕ್ಕೆ ಕೈಗೊಟ್ಟವರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ಮುಖ್ಯರು. 1903ರಲ್ಲಿ ಹುಟ್ಟಿದ ಅವರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಲಿಯನ್ನು ಮುನ್ನಡೆಸಿದರು. ಬಟ್ಟೆಯ ಕಲೆಯಲ್ಲಿ ಕರಣವಿಧಾನವೇ ಜೀವವೆಂದು ಅವರು ಬಲ್ಲರು. ನಮೂನೆಗಳನ್ನು ವಸ್ತುಸಂಗ್ರಹಾಲಯದಲ್ಲಿಟ್ಟರೆ ಕಲೆ ಉಳಿಯದು, ಕೈಯಿಂದ ಕೈಗೆ ವಿದ್ಯೆ ದಾಟಬೇಕು.

ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿಲಿಯಂ ಮಾರಿಸ್ ಕವಿಯಾಗಿ ಪರಿಚಿತ. ಅವನ ಕೈಗಳು ನೀಲಿಯ ತೊಟ್ಟಿಯಲ್ಲಿ ಅದ್ದಿ ಅದ್ದಿ ಬಣ್ಣಗಟ್ಟಿದ್ದವೆಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಆ ಕಾಲದ ಹೊಸ ರಾಸಾಯನಿಕ ಬಣ್ಣಗಳ ಕಣ್ಣು ಕುಕ್ಕುವ ಥಳಕು ಒಗ್ಗದೆ, ಅವನು 1875ರಿಂದ ಲೀಕ್ ಎಂಬ ಊರಿನ ಥಾಮಸ್ ವಾರ್ಡಲನ ಬಣ್ಣದ ಮನೆಯಲ್ಲಿ ಹಳೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ದುಡಿದ. 1881ರಲ್ಲಿ ಮರ್ಟನ್ ಅಬ್ಬೆಯಲ್ಲಿ ತನ್ನದೇ ಕಾರ್ಯಾಗಾರ ತೆರೆದ. ಹಕ್ಕಿಗಳು ಹಣ್ಣು ಕದಿಯುವ ಚಿತ್ರದ 'ಸ್ಟ್ರಾಬೆರಿ ಥೀಫ್' ಎಂಬ ಪ್ರಸಿದ್ಧ ವಿನ್ಯಾಸ ಬಂದದ್ದು 1883ರಲ್ಲಿ. ಅದರ ಕ್ರಮ ವಿಚಿತ್ರವಾದುದು. ಇಡೀ ಬಟ್ಟೆಯನ್ನು ಮೊದಲು ನೀಲಿಯಲ್ಲಿ ಮುಳುಗಿಸಿ, ಬಳಿಕ ಬಣ್ಣ ತೆಗೆಯುವ ದ್ರವ್ಯವನ್ನು ಅಚ್ಚಿನಿಂದ ಒತ್ತಿ, ಬೇಕಾದೆಡೆ ನೀಲಿಯನ್ನು ಅಳಿಸಿ, ತೆರವಾದ ಜಾಗಕ್ಕೆ ಕೆಂಪು ಹಳದಿಗಳನ್ನು ತರುವುದು. ಇದಕ್ಕೆ ಬಹು ದಿನ ಹಿಡಿಯುತ್ತಿತ್ತು, ಬೆಲೆಯೂ ಹೆಚ್ಚಾಗುತ್ತಿತ್ತು. ನೀಲಿಯ ಮೇಲೆ ಬೇರೆ ಬಣ್ಣ ಬಳಿದಿದ್ದರೆ ಎಷ್ಟು ಸುಲಭ! ಆ ಸುಲಭವನ್ನು ಒಲ್ಲೆನೆಂದದ್ದರಲ್ಲಿಯೇ ಅವನ ಪ್ರಯೋಗದ ಯೋಗ್ಯತೆಯಿದೆ.

ಮಾರಿಸನ ಹೆಸರು ಹೇಳಿ ರಾಸಾಯನಿಕ ಬಣ್ಣವನ್ನೆಲ್ಲ ಪಾಪವೆಂದು ಸಾರುವವರೂ ನಮ್ಮಲ್ಲಿದ್ದಾರೆ. ಅದೂ ಒಂದು ಬಗೆಯ ಬಣ್ಣದ ಮಾತೇ. 1856ರಲ್ಲಿ ಪರ್ಕಿನ್ ಎಂಬ ಹದಿನೆಂಟರ ಹುಡುಗ ಪ್ರಯೋಗಶಾಲೆಯಲ್ಲಿ ನೇರಳೆ ಬಣ್ಣವೊಂದನ್ನು ಕಂಡುಹಿಡಿದ. 1869ರ ಹೊತ್ತಿಗೆ ಮಂಜಿಷ್ಠದ ಬೇರಿನ ಕೆಂಪು ತತ್ತ್ವವನ್ನೇ ಕೃತಕವಾಗಿ ತಯಾರಿಸಿದರು. 1897ರಲ್ಲಿ ಕೃತಕ ನೀಲಿ ಪೇಟೆಗೆ ಬಂತು. ಬೇರಿನೊಳಗಿದ್ದ ಅಲಿಜರಿನ್ನಿಗೂ ಕಾರ್ಖಾನೆಯ ಅಲಿಜರಿನ್ನಿಗೂ ರಸಾಯನಶಾಸ್ತ್ರದಲ್ಲಿ ಭೇದವಿಲ್ಲ. ಅರಸರ ಮನೆಯ ಕೆಂಪು ಬಡವರ ಮನೆಗೂ ಬಂದದ್ದು ಹೀಗೆ. ಕೆಲವು ರಾಸಾಯನಿಕ ಬಣ್ಣಗಳು ದೇಹಕ್ಕೂ ನೀರಿಗೂ ವಿಷವೆಂಬುದು ನಿಜ. 1990ರ ದಶಕದಲ್ಲಿ ಮೊದಲು ಜರ್ಮನಿ, ಆಮೇಲೆ ನಮ್ಮ ದೇಶ ಅಂಥವನ್ನು ನಿಷೇಧಿಸಿದ್ದು ಯೋಗ್ಯವೇ ಆಯಿತು. ಆದರೆ ಸಸ್ಯದ ಬಣ್ಣವನ್ನು ಹಿಡಿಸಲು ಕ್ರೋಮಿಯಮ್ಮಿನ ಲವಣ ಬಳಸಿದರೆ ಅದೂ ವಿಷವೇ. ಬಣ್ಣ ಎಲ್ಲಿ ಹುಟ್ಟಿತೆಂಬುದು ವೈದ್ಯರಿಗೂ ರೈತರಿಗೂ ಮುಖ್ಯ. ನೂಲಿನೊಡನೆ ಹೇಗೆ ಬಾಳಿತೆಂಬುದು ಕಲಾವಿಮರ್ಶಕನಿಗೆ ಮುಖ್ಯ.

ಈ ಬಾಳುವೆಯ ಸೊಗಸನ್ನು ನೋಡಬೇಕಾದರೆ ನೀಲಿಯನ್ನು ನೋಡಬೇಕು. ನೀಲಿ ನೀರಿನಲ್ಲಿ ಕರಗದು. ಸುಣ್ಣ, ಬೆಲ್ಲ, ತಗಚೆಯ ಬೀಜ ಮುಂತಾದವನ್ನು ಸೇರಿಸಿ ಹುದುಗು ಬರಿಸಿದಾಗ ಅದು ತನ್ನ ಬಣ್ಣ ಕಳೆದುಕೊಂಡು ಕರಗುತ್ತದೆ. ಅದರಲ್ಲಿ ಅದ್ದಿದ ನೂಲು ಹೊರಬರುವಾಗ ಹಳದಿ ಬೆರೆತ ಹಸಿರಾಗಿರುತ್ತದೆ. ಗಾಳಿ ತಾಗಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಕಡುನೀಲಿ ಬೇಕಾದರೆ ಮತ್ತೆ ಮತ್ತೆ ಅದ್ದಬೇಕು, ಆರಿಸಬೇಕು. ಹುದುಗು ಕೆಟ್ಟರೆ ತೊಟ್ಟಿಯೇ ಕೆಟ್ಟಂತೆ. ಕಸೂತಿ ಹಾಕಲು ನಮ್ಮವರು ಆರಿಸಿಕೊಂಡ ಕಪ್ಪು ಚಂದ್ರಕಾಳಿ ಸೀರೆಯ ಆಳವಾದ ಬಣ್ಣದ ಹಿಂದೆ ಇಂಥ ತಾಳ್ಮೆಯಿತ್ತು.

ಈಗ ನಮ್ಮ ನಾಡಿನಲ್ಲಿ ನಡೆದಿರುವ ಎರಡು ಪ್ರಯತ್ನಗಳನ್ನು ಹೆಸರಿಸಿಯೇ ನೋಡಬಹುದು. ಮೊದಲನೆಯದು ಸಾಗರ ತಾಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ರಂಗನಿರ್ದೇಶಕ ಪ್ರಸನ್ನ ಅವರು 1990ರ ದಶಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳೊಡನೆ ಕಟ್ಟಿದ 'ಚರಕ' ಸಂಸ್ಥೆಯದು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿ ಉಳಿಯುವ ಚೊಗರನ್ನು ಅವರು ಬಣ್ಣವಾಗಿಸಿದರು. ಕಂದುಗೆಂಪಿನ ಆ ಬಣ್ಣಕ್ಕೆ ಊರಿನ ಹಂಡೆಯಲ್ಲಿಯೇ ಹುಟ್ಟಿದ ಕಾರಣವಿದೆ. ದ್ರವ್ಯ ಸ್ಥಳದ್ದು, ಕೈ ಸ್ಥಳದ್ದು, ಬಟ್ಟೆಯಲ್ಲಿ ಆಡಂಬರವಿಲ್ಲ. ಇದನ್ನು ಪ್ರಯೋಗವೆಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಆದರೆ ಇಂಥ ಬಟ್ಟೆಯ ಸುತ್ತ ನಗರದಲ್ಲಿ ಬೆಳೆದಿರುವ ಅಭಿರುಚಿಯ ಬಗ್ಗೆ ಒಂದು ಮಾತು ಹೇಳಬೇಕು. ಮಾಸಿದ ಕಂದು, ಮಸುಕು ಬೂದು, ತೆಳು ಹಳದಿಗಳೇ ಸಹಜ, ಅವೇ ಸಭ್ಯ. ಗಾಢ ಬಣ್ಣ ಹಳ್ಳಿಗಾಡಿನದು ಎಂಬ ಭಾವನೆ ಹಬ್ಬಿದೆ. ಇದೇ ಭಾವನೆಯಿಂದ ಇಳಕಲ್ಲ ಸೀರೆಯನ್ನೂ ಪೇಲವಗೊಳಿಸಿ 'ಸುಧಾರಿಸುವ' ಪ್ರಯತ್ನಗಳು ನಡೆದಿವೆ. ಬಯಲುಸೀಮೆಯ ಬಿಸಿಲನ್ನು ಕಂಡವರು ಇದನ್ನು ಒಪ್ಪಲಾರರು. ಎರೆಹೊಲದ ಕಪ್ಪಿನ ನಡುವೆ, ಕಣ್ಣು ಬಿಡಲಾಗದ ಬೆಳಕಿನಲ್ಲಿ, ಗಿಳಿಹಸಿರು ಒಡಲಿಗೆ ಕೆಂಪು ದಡಿಯೇ ಒಪ್ಪುತ್ತದೆ. ಮದುಮಗಳಿಗೆ ಗಿರಿಕುಂಕುಮವೇ ಬೇಕು. ಹಳೆಯ ಸಸ್ಯದ ಬಣ್ಣಗಳು ಪೇಲವವಾಗಿದ್ದವೆಂಬುದೂ ಸುಳ್ಳು. ನೀಲಿ, ಅರಗು, ಮಂಜಿಷ್ಠಗಳಷ್ಟು ಗಾಢ ಯಾವುದಿದೆ? ಹತ್ತು ಸಲ ಅದ್ದಬೇಕಾದ ನೂಲನ್ನು ಎರಡು ಸಲ ಅದ್ದಿ ತೆಗೆದರೆ ತಿಳಿಬಣ್ಣ ಬರುತ್ತದೆ. ಅವಸರಕ್ಕೆ ಸರಳತೆಯೆಂದು ಹೆಸರಿಡಬಾರದು.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ಗಜೇಂದ್ರಗಡದ ಕಡೆಯಲ್ಲಿ 'ಪಟ್ಟೇದ ಅಂಚು' ಎಂಬ ಹತ್ತಿಯ ಸೀರೆಯೊಂದಿತ್ತು. ಒಡಲಿನಲ್ಲಿ ಸಣ್ಣ ಚೌಕಳಿ, ಎರಡು ಕಡೆ ಅಗಲವಾದ ಅಂಚು. ಸವದತ್ತಿಯ ಎಲ್ಲಮ್ಮನ ಭಕ್ತಿಗೂ ಮದುವೆಯ ಉಡುಗೊರೆಗೂ ಸಲ್ಲುತ್ತಿದ್ದ ಗಟ್ಟಿಯಾದ ಸೀರೆ. ನೇಯುವವರಿಲ್ಲದೆ ಅದು ಮರೆಯಾಗಿತ್ತು. ಹೇಮಲತಾ ಜೈನ್ ಎಂಬ ವಸ್ತ್ರವಿನ್ಯಾಸಕಿ ಅದನ್ನು ಹುಡುಕಿ ಸ್ಥಳೀಯ ನೇಕಾರರೊಡನೆ ಮತ್ತೆ ಮಗ್ಗಕ್ಕೆ ತಂದರು. ಇದು ಪುನರುದ್ಧಾರ, ಪ್ರಯೋಗವಲ್ಲ ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಹಳೆಯ ಹಸ್ತಪ್ರತಿಯ ಪಾಠವನ್ನು ಸಿದ್ಧಗೊಳಿಸುವ ವಿದ್ವಾಂಸನಂತೆ, ಇಲ್ಲಿಯೂ ಬಣ್ಣದ ಪ್ರಮಾಣ, ನೂಲಿನ ದಪ್ಪ, ಅಂಚಿನ ಅಗಲಗಳನ್ನು ಮಗ್ಗದ ಮೇಲೆಯೇ ಪರೀಕ್ಷಿಸಿ ನಿರ್ಧರಿಸಬೇಕಾಗುತ್ತದೆ. ಗ್ರಂಥಸಂಪಾದನೆಯಲ್ಲಿ ಕಾಣುವ ಸಂಯಮ ಈ ಕೆಲಸದಲ್ಲಿದೆ. ಸೀರೆಗೆ ಊರಿನ ಹೆಂಗಸರಲ್ಲಿಯೂ ಮತ್ತೆ ಗಿರಾಕಿ ಹುಟ್ಟಿದರೆ ಮಾತ್ರ ಅದು ಪೂರ್ತಿ ಬದುಕಿದಂತೆ. ನಗರದ ಪ್ರದರ್ಶನಗಳಲ್ಲಿಯೇ ಉಳಿದರೆ ಅರ್ಧ ಬದುಕಿದಂತೆ.

ಕುಷ್ಟಗಿಯ ಸುತ್ತ ಏನಾಗಬಹುದು? ನಮ್ಮ ತಾಲೂಕು ದಾಳಿಂಬೆಗೆ ಹೆಸರಾದದ್ದು. ಅಂಗಮಾರಿ ರೋಗ ಬಿದ್ದ ವರ್ಷಗಳಲ್ಲಿ ಒಡೆದ ಹಣ್ಣನ್ನು ಬದುವಿನ ಮೇಲೆ ಸುರಿದು ಕಣ್ಣೀರಿಟ್ಟ ರೈತರನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ. ದಾಳಿಂಬೆಯ ಸಿಪ್ಪೆಯಲ್ಲಿ ಒಗರು ಬಹಳ. ಪಟಿಕದ ಜೊತೆಗೆ ಅದು ಹಳದಿ ಕೊಡುತ್ತದೆ, ಅನ್ನಭೇದಿಯ ಜೊತೆಗೆ ಹಸಿರು ಬೆರೆತ ಬೂದು ಕೊಡುತ್ತದೆ. ಹತ್ತಿಯ ನೂಲು ಬೇರೆ ಬಣ್ಣಗಳನ್ನು ಹಿಡಿಯಲೂ ನೆರವಾಗುತ್ತದೆ. ಮಲೆನಾಡಿಗೆ ಚೊಗರು ಒದಗಿದಂತೆ ನಮಗೆ ಇದು ಒದಗಬಾರದೇಕೆ? ಇನ್ನು ಅಚ್ಚಿನ ಮಾತು. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಮರ ಕೆತ್ತಿ ಬಣ್ಣ ಹಚ್ಚುವ ಚಿತ್ರಗಾರರ ಮನೆತನಗಳಿವೆ. ಅವರ ಕೈ ಪಳಗಿರುವುದು ಹಗುರ ಮರದಲ್ಲಿ. ಅಚ್ಚಿಗೆ ಗಟ್ಟಿಮರ ಬೇಕು. ಕಲಿಯುವುದು ಸುಲಭವೆಂದು ನಾನು ಹೇಳುವುದಿಲ್ಲ. ಆದರೆ ತೋಪು ತೆನೆಯನ್ನು ನಕಲು ಮಾಡದೆ, ಅಚ್ಚಿಗೆ ಒಪ್ಪುವ ಬಳಕು ಗೆರೆಗಳನ್ನು ಆ ಕೈಗಳು ಹುಡುಕಿದರೆ ನಮ್ಮ ಸೀಮೆಗೆ ಒಂದು ಅಚ್ಚಿನ ಬಟ್ಟೆ ಹುಟ್ಟಬಹುದು. ಹುಟ್ಟದೆಯೂ ಹೋಗಬಹುದು. ಸೋಲುವ ಸಾಧ್ಯತೆ ಇರುವುದರಿಂದಲೇ ಅದಕ್ಕೆ ಪ್ರಯೋಗವೆಂದು ಹೆಸರು.

ಬಳಿದ ಬಣ್ಣಕ್ಕೆ ಗೌರವವೇ ಇಲ್ಲವೆ ಎಂದರೆ, ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬಂಡೆಗಳನ್ನು ನೋಡಿ ಬರಬೇಕು. ಪ್ರಾಗೈತಿಹಾಸಿಕ ಜನ ಬಂಡೆಯ ಮೇಲೆ ಕೆಮ್ಮಣ್ಣಿನಿಂದ ಬರೆದ ಮನುಷ್ಯರೂ ಮೃಗಗಳೂ ಇಂದಿಗೂ ಅಲ್ಲಿವೆ. ಅದು ಮೇಲೆ ಬಳಿದ ಬಣ್ಣವೇ. ಆದರೆ ಬಂಡೆ ಬಣ್ಣವನ್ನು ಕುಡಿಯುವ ವಸ್ತುವಲ್ಲ, ಹೊರುವ ವಸ್ತು. ಕೆಮ್ಮಣ್ಣೂ ಕಲ್ಲಿನ ಬಳಗದ್ದೇ. ಆ ಚಿತ್ರಕಾರರು ಕಲ್ಲಿನ ಗುಣವರಿತು ಬಳಿದರು. ನೂಲು ಕುಡಿಯುವ ವಸ್ತು. ಅದನ್ನು ಕಲ್ಲಿನಂತೆ ಕಾಣಬಾರದು. ಔಚಿತ್ಯವೆಂದು ಕ್ಷೇಮೇಂದ್ರ ಕಾವ್ಯಕ್ಕೆ ಹೇಳಿದ್ದು ಇದೇ ತಾನೆ?

ವಾಚಕರು ಮುಂದಿನ ಸಲ ಸೀರೆ ಕೊಳ್ಳುವಾಗ ಒಂದು ಕೆಲಸ ಮಾಡಬಹುದು. ಸೆರಗನ್ನು ತಿರುವಿ ಹಿಂಬದಿಯನ್ನು ನೋಡಲಿ. ಮುಂದೆ ಗಾಢವಾದ ಕೆಂಪು, ಹಿಂದೆ ಮಸುಕು ಬಿಳುಪು ಇದ್ದರೆ ಅದು ಬಳಿದದ್ದು. ಒಡಲು ಸೆರಗುಗಳು ಕೂಡುವಲ್ಲಿ ಬೆರಳಾಡಿಸಲಿ. ಕೊಂಡಿಯ ಸಾಲಿದ್ದರೆ ಕೈಗೆ ತಿಳಿಯುತ್ತದೆ. ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಕಾದಿರಿಸುವ 1985ರ ಕಾಯಿದೆಯೂ ಇದೆ. ಕಾನೂನು ಸೀರೆಯ ಹೆಸರನ್ನು ಕಾಯಬಲ್ಲುದು. ನೋಡುವ ಕಣ್ಣನ್ನು ಬೆಳೆಸುವುದು ಅದರ ಕೆಲಸವಲ್ಲ. ಅದು ನಮ್ಮ ಕೆಲಸ.

ಪಣಕ್ಕಿರುವುದು ಒಂದು ಸೀರೆಯ ಚೆಲುವು ಮಾತ್ರವಲ್ಲ. ನನ್ನ ತರಗತಿಗಳಲ್ಲಿ ನೇಕಾರರ ಮನೆಯ ಮಕ್ಕಳು ಕುಳಿತಿರುತ್ತಾರೆ. ಹಾಸು, ಹೊಕ್ಕು, ದಡಿ, ಕೊಂಡಿ, ತೆನೆ ಎಂಬ ಮಾತುಗಳು ಅವರಿಗೆ ಪಠ್ಯದ ಮಾತುಗಳಲ್ಲ, ಅಡುಗೆಮನೆಯ ಪಕ್ಕದ ಮಗ್ಗದ ಮಾತುಗಳು. ತಂದೆತಾಯಂದಿರು ಅವರನ್ನು ಕಾಲೇಜಿಗೆ ಕಳಿಸಿರುವುದು ಮಗ್ಗದಿಂದ ಬಿಡುಗಡೆಯಾಗಲೆಂದು. ಅದು ತಪ್ಪೆಂದು ಹೇಳುವ ಹಕ್ಕು ನಮಗಿಲ್ಲ. ಆದರೆ ಅನುಕರಣೆಯನ್ನೇ ಪ್ರಯೋಗವೆಂದು ನಾವು ಹೊಗಳುತ್ತ ಹೋದರೆ, ಮಗ್ಗದಲ್ಲಿ ಉಳಿಯಲು ಮನಸ್ಸಿದ್ದವರಿಗೂ ಉಳಿಯುವ ಕಾರಣ ತಪ್ಪುತ್ತದೆ. ಮಗ್ಗ ಹೋದ ಮೇಲೆ ಆ ಮಾತುಗಳು ನಿಘಂಟಿನಲ್ಲಿ ಉಳಿದಾವು. ನಿಘಂಟಿನಲ್ಲಿ ಮಾತ್ರ ಉಳಿದ ಮಾತನ್ನು ಪಾಠ ಹೇಳಬಹುದು, ಉಡಲು ಬರುವುದಿಲ್ಲ.